ನೂರು ನೋಟದ ಮೊಟ್ಟೆ

ಬಹಳ ಹಿಂದೆ, ಮೋಡಗಳು ಕೈಗೆಟುಕುವಷ್ಟು ಕೆಳಗೆ ತೇಲುತ್ತಿದ್ದ ಕಾಲದಲ್ಲಿ, ಗವಿದುರ್ಗವೆಂಬ ರಾಜ್ಯವಿತ್ತು. ಅಲ್ಲಿ ಯಾರೂ ತಲೆ ಎತ್ತಿ ನಡೆಯುತ್ತಿರಲಿಲ್ಲ. ಧೂಮಾಕ್ಷನೆಂಬ ಮಾಂತ್ರಿಕ ಪ್ರತಿ ಅಮಾವಾಸ್ಯೆಯ ನಡುಮಧ್ಯಾಹ್ನ ಬಂದು ಒಬ್ಬರ ಕಣ್ಣು ಕಿತ್ತು, ಕೊರಳ ಹಾರಕ್ಕೆ ಪೋಣಿಸಿಕೊಳ್ಳುತ್ತಿದ್ದ. ತಮ್ಮ ಕಣ್ಣು ಅವನ ಮನಸ್ಸಿಗೆ ಹಿಡಿಸೀತೆಂಬ ಭಯಕ್ಕೆ ಎಲ್ಲರೂ ನೆಲ ನೋಡುತ್ತಿದ್ದರು. ಹತ್ತು ವರ್ಷದಿಂದ ಹೀಗೇ ನಡೆದಿತ್ತು. ರಾಜನೂ ಬಗ್ಗಿಯೇ ನಡೆಯುತ್ತಿದ್ದ. ಕಿರೀಟ ಬೀಳದಿರಲೆಂದು ಗಲ್ಲಕ್ಕೆ ದಾರ ಕಟ್ಟಿಕೊಂಡಿದ್ದ, ಮಹಾಶೂರ!

ಆ ಊರಿನ ದೇವೀರಿಯ ತಾಯಿ ಹೋದ ವರ್ಷವೇ ಕಣ್ಣು ಕಳೆದುಕೊಂಡಿದ್ದಳು. ಈ ಸಲದ ಸರದಿ ದೇವೀರಿಯ ತಂಗಿ, ಏಳು ವರ್ಷದ ಹೊನ್ನೀರಿಯದು. ಅಮಾವಾಸ್ಯೆಗೆ ಮೂರೇ ದಿನವಿರುವಾಗ ಕಲ್ಲುಗವಿಯಲ್ಲಿ ದೇವೀರಿಗೆ ಒಂದು ಮೊಟ್ಟೆ ಸಿಕ್ಕಿತು. ತಾಯಿ ಅದನ್ನು ತಡವಿ ನೋಡಿ ಗುರುತು ಹಿಡಿದಳು.

"ಇದು ಕಿಡಿಯುಡದ ಮೊಟ್ಟೆ ಕಣವ್ವ. ಮಾಂತ್ರಿಕ ಹೆದರೋದು ಇದೊಂದಕ್ಕೇ. ಕಾವು ಕೊಟ್ರೆ ಒಡೆಯಲ್ಲ. ನೂರು ಜನ ನೋಡಬೇಕು. ನೂರಾದ ಮೇಲೆ ಒಬ್ಬರು ನೋಡಿದ್ರೂ ಒಳಗಿರೋ ಮರಿ ಬೆಂದು ಹೋಗುತ್ತೆ."

ಮೊದಲ ದಿನ ದೇವೀರಿ ಅಗಸರ ಕಟ್ಟೆಗೆ ಹೋಗಿ ಮೊಟ್ಟೆಯನ್ನು ನೆಲದ ಮೇಲಿಟ್ಟಳು. "ತಲೆ ಎತ್ತಬೇಡಿ ಅಣ್ಣಾ, ಸುಮ್ನೆ ಒಂದು ಸಲ ನೋಡಿ," ಎಂದಳು. ಒಬ್ಬರು ನೋಡಿದರೆ ಒಂದು ಕೆಂಪು ಗೆರೆ. ಸಂಜೆಯೊಳಗೆ ಮೂವತ್ತು ಗೆರೆ ಮೂಡಿದವು.

ಎರಡನೆಯ ದಿನ ಗಾಣದ ಬೀದಿಗೆ ಹೋದಳು. "ಸುಮ್ನೆ ಒಂದು ಸಲ ನೋಡಿ," ಎಂದಳು. ಎಷ್ಟೋ ಜನ ನೋಡಿದರು. ಒಂದು ಗೆರೆಯೂ ಮೂಡಲಿಲ್ಲ. ಮೊಟ್ಟೆ ತಣ್ಣಗಾಗುತ್ತಾ ಬಂತು. ಗಾಬರಿಯಿಂದ ತಿರುಗಿಸಿ ನೋಡಿದರೆ, ಅದರ ಬುಡದಲ್ಲಿ ಒಂದು ಕಪ್ಪು ಬೊಟ್ಟು!

"ಅವ್ವಾ, ಇದೇನು ಮಾಡಿಟ್ಟಿದ್ದೀಯ?" ಎಂದು ಮನೆಗೆ ಓಡಿ ಬಂದು ಕೇಳಿದಳು.

"ಅಷ್ಟೊಂದು ಜನ ನೋಡ್ತಾರಲ್ಲ, ದೃಷ್ಟಿ ತಾಗದೆ ಇರಲಿ ಅಂತ ಕಾಡಿಗೆ ಇಟ್ಟೆ."

"ಅದಕ್ಕೆ ದೃಷ್ಟಿಯೇ ಬೇಕಲ್ಲವ್ವಾ!"

ತಾಯಿ ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ಅವಳನ್ನು ಬೈಯಲು ದೇವೀರಿಗೆ ಮನಸ್ಸು ಬರಲಿಲ್ಲ. ಕಾಡಿಗೆ ತೊಳೆದಳು, ಆದರೆ ದಿನವೇ ಕಳೆದುಹೋಗಿತ್ತು.

ಮೂರನೆಯ ದಿನ ಅಮಾವಾಸ್ಯೆ, ಬೀದಿಗಳೆಲ್ಲ ಬರಿದು. ಜನ ಬಾಗಿಲು ಜಡಿದು, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಕುಳಿತಿದ್ದರು. ದೇವೀರಿ ಬಾಗಿಲು ಬಾಗಿಲಿಗೂ ಬಡಿದು ಕೂಗಿದಳು. ಯಾರೂ ತೆರೆಯಲಿಲ್ಲ. ಬಿಸಿಲು ನೆತ್ತಿಗೇರಿತು. ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು.

ಅವಳು ಮನೆಗೆ ಓಡಿಬಂದಾಗ ಧೂಮಾಕ್ಷ ಅಂಗಳದಲ್ಲಿ ನಿಂತಿದ್ದ. ಹೊನ್ನೀರಿಯ ಜಡೆ ಅವನ ಮುಷ್ಟಿಯಲ್ಲಿತ್ತು.

"ಅಕ್ಕಾ!" ಎಂದು ಮಗು ಚೀರಿತು.

ಹತ್ತು ವರ್ಷದಿಂದ ಎತ್ತದ ತಲೆಯನ್ನು ದೇವೀರಿ ಆಗ ಎತ್ತಿದಳು. ಅವನ ಹಾರದ ಕಣ್ಣುಗಳು ಒಣಗಿರಲಿಲ್ಲ. ರೆಪ್ಪೆಯಿಲ್ಲದೆ ಮಿರಮಿರನೆ ಹೊರಳುತ್ತಿದ್ದವು. ಅವುಗಳ ನಡುವೆ ಒಂದು ಜೋಡಿ ಅವಳ ಕಡೆಗೇ ತಿರುಗಿ ನೀರು ತುಂಬಿಕೊಂಡಿತು. ಅದು ತನ್ನ ಅವ್ವನ ಕಣ್ಣೆಂದು ಅವಳಿಗೆ ಕೂಡಲೇ ತಿಳಿಯಿತು.

"ಅವ್ವಾ, ಇದನ್ನು ನೋಡು! ಎಲ್ಲರೂ ನೋಡಿ!" ಎಂದು ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಾರದ ಎದುರಿಗೆ ಹಿಡಿದಳು.

ಒಂದೊಂದಾಗಿ ಕಣ್ಣುಗಳು ತಿರುಗಿದವು. ಗೆರೆಗಳು ಸರಸರನೆ ಮೂಡಿದವು. ನಲವತ್ತು, ಎಪ್ಪತ್ತು, ತೊಂಬತ್ತು. ಅಂಗೈ ಸುಟ್ಟು ಬೊಬ್ಬೆ ಎದ್ದರೂ ಅವಳು ಬಿಡಲಿಲ್ಲ. ನೂರನೆಯ ಗೆರೆ ಮೂಡಿತೋ ಇಲ್ಲವೋ, ಮೊಟ್ಟೆಯನ್ನು ಸೆರಗಿನೊಳಗೆ ಸುತ್ತಿ ನೆಲಕ್ಕೆ ಬೋರಲಾಗಿ ಬಿದ್ದಳು.

"ಕೊಡೇ ಅದನ್ನ!" ಎಂದು ಮಾಂತ್ರಿಕ ಅರಚಿದ. ಆ ದನಿಯಲ್ಲಿ ಮೊದಲ ಸಲ ಹೆದರಿಕೆಯಿತ್ತು.

ಮೊಟ್ಟೆ ಒಡೆದು ಸೆರಗು ಹರಿಯಿತು. ಒಳಗಿಂದ ಗೇಣುದ್ದದ ಉಡದ ಮರಿ ಬಂತು. ಮೈತುಂಬ ಕೆಂಡದ ಬಣ್ಣದ ಚಿಪ್ಪು, ಹೆಗಲಿಗೆ ಎರಡು ಒದ್ದೆ ರೆಕ್ಕೆ. ಅದು ಹಾರಿ ಧೂಮಾಕ್ಷನ ಎದೆ ಕಚ್ಚಿತು. ಅವನು ಹಿಡಿ ಬೂದಿಯಾಗಿ ಅಂಗಳದಲ್ಲಿ ಉದುರಿದ. ಹಾರ ಕಡಿದು ಕಣ್ಣುಗಳೆಲ್ಲ ತಮ್ಮ ತಮ್ಮ ಮನೆಗೆ ಹಾರಿಹೋದವು.

ತಾಯಿ ಹೊಸ್ತಿಲಿಗೆ ಬಂದು ಇಬ್ಬರು ಮಕ್ಕಳನ್ನೂ ಕಣ್ತುಂಬ ನೋಡಿದಳು. "ಅಯ್ಯೋ, ಒಂದು ವರ್ಷದಲ್ಲಿ ಎಷ್ಟು ಬೆಳೆದಿದ್ದೀರೇ!" ಎಂದು ಅಳುತ್ತಾ ನಕ್ಕಳು.

ಗವಿದುರ್ಗದಲ್ಲಿ ಬಾಗಿಲುಗಳು ತೆರೆದವು. ಹತ್ತು ವರ್ಷದಿಂದ ಪಾದಗಳನ್ನಷ್ಟೇ ಕಂಡಿದ್ದ ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡಿ, ಹೆಸರು ಕೇಳಿ ಗುರುತು ಮಾಡಿಕೊಂಡರು. ಆಮೇಲೆ ಎಲ್ಲರೂ ಬಹುಕಾಲ ಸುಖವಾಗಿದ್ದರು.