ಸೊನ್ನೆ ತೋರಿಸಿದ ಮೀಟರ್

ಮಂಗಳವಾರ ಮಧ್ಯಾಹ್ನ 12.10ಕ್ಕೆ ಎಲೆಕ್ಟ್ರಿಷಿಯನ್‌ನ ಹೆಂಡತಿ ಠಾಣೆಗೆ ಬಂದಳು. ಪಿಂಗಾಣಿ ತಟ್ಟೆ ಮಾಡುವ ಕಾರ್ಖಾನೆಯ ಕರೆಂಟ್ ಭಟ್ಟಿ ರಿಪೇರಿಗೆ ಹೋದ ತನ್ನ ಗಂಡನಿಗೆ ಹತ್ತೂವರೆಗೆ ಶಾಕ್ ಹೊಡೆದು ಬಲಗೈ ಸುಟ್ಟಿದೆ. ಅವನ ಕೈ ಭಟ್ಟಿಯೊಳಗಿದ್ದಾಗ ಮಾಲೀಕನೇ ಮೇನ್ ಸ್ವಿಚ್ ಹಾಕಿದ್ದಾನೆ ಎಂಬುದು ದೂರು. ಎಫ್‌ಐಆರ್ ದಾಖಲಾಯಿತು. ಊಟದ ಹೊತ್ತಿಗೆ ಮುಗಿಯುವ ಕೇಸು ಎಂದುಕೊಂಡ ಇನ್ಸ್‌ಪೆಕ್ಟರ್.

ಆಸ್ಪತ್ರೆಯಲ್ಲೇ ಕೇಸು ಗೋಜಲಾಯಿತು.

"ಮೊದ್ಲು ಮೀಟರ್‌ನ ಗೋಡೆ ಸಾಕೆಟ್ಟಿಗೆ ಹಚ್ಚಿ ನೋಡ್ದೆ. ಇನ್ನೂರಾ ಮೂವತ್ತು ಬಂತು," ಎಂದ ಎಲೆಕ್ಟ್ರಿಷಿಯನ್. "ಕೈ ತೊಳ್ಕೊಂಡು ಬಂದು ಭಟ್ಟಿಗೆ ಹಚ್ಚಿದೆ. ಸೊನ್ನೆ. ಮಾಲೀಕ್ರು ಸ್ವಿಚ್ ಆರ್ಸಿರ್ಬೇಕು ಅಂತ ಕೈ ಹಾಕ್ದೆ."

ಮಾಲೀಕ ಆ ಸ್ವಿಚ್ಚನ್ನು ಆರಿಸಿಯೂ ಇಲ್ಲ, ಹಾಕಿಯೂ ಇಲ್ಲ ಎಂದ. ಬೆಳಿಗ್ಗೆಯಿಂದ ಅದು ಆನ್ ಆಗಿಯೇ ಇತ್ತಂತೆ. ಸರಕು ನೋಡಲು ಬಂದಿದ್ದ ಗಿರಾಕಿಯೊಬ್ಬ ಹತ್ತರಿಂದ ಹನ್ನೊಂದರವರೆಗೆ ಅದರ ಕೆಳಗೇ ಕೂತಿದ್ದ. ಯಾರೂ ಅದರ ಹತ್ತಿರ ಸುಳಿದಿಲ್ಲ ಎಂದು ಅವನೂ ಹೇಳಿದ. ಕರೆಂಟ್ ಇತ್ತು ಅಂದಮೇಲೆ ಸೊನ್ನೆ ಬಂದದ್ದು ಹೇಗೆ? ಸೊನ್ನೆ ಬಂದಮೇಲೆ ಕೈ ಸುಟ್ಟದ್ದು ಹೇಗೆ? ಇನ್ಸ್‌ಪೆಕ್ಟರ್‌ಗೆ ತಲೆಬುಡ ತಿಳಿಯಲಿಲ್ಲ. ಆದರೂ ಮಾಲೀಕನನ್ನು ಜೀಪಿನಲ್ಲಿ ಕೂರಿಸಿದ.

ಮೂರು ಗಂಟೆಗೆ ಪಂಚರ ಎದುರು ಪಂಚನಾಮೆ ಶುರುವಾಯಿತು. ಮಲ್ಟಿಮೀಟರ್ ಭಟ್ಟಿಯ ಕಾಲ ಬಳಿ ಬಿದ್ದಿತ್ತು, ಇನ್ನೂ ಆನ್ ಆಗಿಯೇ. ಹೆಡ್‌ಕಾನ್‌ಸ್ಟೇಬಲ್ ಅದನ್ನು ಕೈಗವಸು ಹಾಕಿಕೊಂಡು ಎತ್ತಿದ. ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆಯನ್ನೆಲ್ಲ ತಾನೇ ಬಿಚ್ಚುವವನು ಅವನು. ಮತ್ತೆ ಜೋಡಿಸಿದ್ದಕ್ಕೆ ಸಾಕ್ಷಿಯಿಲ್ಲ ಎಂದು ಠಾಣೆಯಲ್ಲಿ ತಮಾಷೆಯಿತ್ತು. ಮೀಟರಿನ ಎರಡು ಮೊನೆಗಳನ್ನು ಗೋಡೆಯ ಸಾಕೆಟ್ಟಿಗೆ ಇಟ್ಟ. ಸೊನ್ನೆ. ಅದೇ ಸಾಕೆಟ್ಟಿಗೆ ಟೇಬಲ್ ದೀಪ ಸಿಕ್ಕಿಸಿದ. ದೀಪ ಹತ್ತಿತು.

"ಎರಡರಲ್ಲಿ ಯಾವ್ದಯ್ಯಾ ಸುಳ್ಳು?"

"ದೀಪಕ್ಕೆ ಸುಳ್ಳು ಹೇಳೋಕೆ ಬರಲ್ಲ ಸಾರ್."

ಹೆಡ್‌ಕಾನ್‌ಸ್ಟೇಬಲ್ ಮೀಟರನ್ನು ಬೆಳಕಿಗೆ ಹಿಡಿದ. ಒಂದು ಗುಂಡಿ ಒಳಕ್ಕೆ ಕೂತಿತ್ತು. ಅದರ ಮೇಲೆ ಬೂದಿ ಬಣ್ಣದ ಪುಡಿಯ ಬೆರಳಚ್ಚು. ಫೋಟೊ ತೆಗೆದು, ಅಚ್ಚು ಎತ್ತಿಕೊಂಡ ಮೇಲೆ ಅವನು ಪೆನ್ನಿನ ತುದಿಯಿಂದ ಗುಂಡಿ ಒತ್ತಿದ. ಅದು ಮೇಲೆದ್ದಿತು. ಮತ್ತೆ ಸಾಕೆಟ್ಟಿಗೆ ಇಟ್ಟರೆ 231.

"ಇದನ್ನ ಒತ್ತಿದ್ರೆ ಆಗ ಕಂಡ ಅಂಕಿ ಅಲ್ಲೇ ನಿಂತ್ಬಿಡುತ್ತೆ ಸಾರ್. ಬರ್ಕೊಳ್ಳೋಕೆ ಅನುಕೂಲ ಆಗ್ಲಿ ಅಂತ. ಎಲ್ಲಿಗೂ ಹಚ್ದೆ ಇಟ್ಟಿರೋ ಮೀಟರ್ ಸೊನ್ನೆನೇ ತೋರ್ಸ್ತಿರುತ್ತೆ. ಅವ್ನು ಕೈ ತೊಳ್ಯೋಕೆ ಹೋದಾಗ ಯಾರೋ ಒತ್ತಿದಾರೆ."

ಆ ಪುಡಿ ತಟ್ಟೆಗೆ ಬಳಿಯುವ ಮೆರುಗಿನ ಬಣ್ಣ. ಆ ಬಣ್ಣದ ಕೋಣೆಗೆ ಕಾಲಿಡುವವಳು ಮಾಲೀಕನ ಅಕ್ಕ ಒಬ್ಬಳೇ ಎಂದು ಕೆಲಸದವರು ಹೇಳಿದರು.

4.40ಕ್ಕೆ ವಿಚಾರಣೆ. ಮೀಟರನ್ನು ಮುಟ್ಟೇ ಇಲ್ಲ ಎಂದಳು ಅಕ್ಕ.

"ಹಾಗಾದ್ರೆ ನಾಳೆ ನಿಮ್ಮ ತಮ್ಮನ್ನ ಕೋರ್ಟಿಗೆ ಹಾಜರು ಮಾಡ್ತೀವಮ್ಮ."

ಅವಳು ಸೆರಗಿನ ಅಂಚನ್ನು ಮಡಿಸಿದಳು, ಬಿಡಿಸಿದಳು. "ಅವನನ್ನ ಬಿಡಿ. ನಾನೇ ಒತ್ತಿದ್ದು."

ಮನೆಯ ಗೀಸರ್, ಇಸ್ತ್ರಿಪೆಟ್ಟಿಗೆ ರಿಪೇರಿಯಾಗುವಾಗೆಲ್ಲ ಮೀಟರ್ ಹಿಡಿದುಕೊಂಡು ಕೂರುತ್ತಿದ್ದವಳು ಅವಳೇ. ಗುಂಡಿಯ ಗುಟ್ಟು ಎಲೆಕ್ಟ್ರಿಷಿಯನ್ನೇ ಹೇಳಿಕೊಟ್ಟದ್ದು. ಸೊನ್ನೆ ಕಂಡರೆ ಗೋಡೆಯೊಳಗಿನ ವೈರೇ ಕೆಟ್ಟಿದೆ ಎಂದು ಅವನು ಎರಡು ದಿನ ಹುಡುಕುತ್ತಾನೆ, ಅಷ್ಟರಲ್ಲಿ ಭಟ್ಟಿಗೆ ಕಾದಿದ್ದ ಅರವತ್ತು ತಟ್ಟೆ ತೊಳೆದು ಬೇರೆ ಬಣ್ಣ ಬಳಿಯಬಹುದು ಎಂಬುದು ಅವಳ ಲೆಕ್ಕ. ಸುಡುವ ಮೊದಲು ಎಲ್ಲ ಬಣ್ಣವೂ ಬೂದಿಯ ಹಾಗೇ ಕಾಣುತ್ತದೆ. ಗುರುತಿಗೆ ಡಬ್ಬಿಯ ಮೇಲಿನ ಚೀಟಿಯೊಂದೇ. ಆ ತಟ್ಟೆಗಳಿಗೆ ಬಳಿಯಬೇಕಿದ್ದ ಬಿಳಿಯ ಡಬ್ಬಿ ತುಂಬಿದ ಹಾಗೇ ಇತ್ತು. ಖಾಲಿಯಾಗಿದ್ದದ್ದು ಹಸಿರಿನದು.

"ಅವ್ನು ಕೈ ಹಾಕ್ತಾನೆ ಅಂತ ನನ್ಗೆ ಹೊಳೀಲೇ ಇಲ್ಲ," ಎಂದಳು.

ಹೇಳಿಕೆ ಓದಿ ಸಹಿ ಮಾಡಲು ಕೊಟ್ಟರೆ ಹಾಳೆಯನ್ನು ಕಿಟಕಿಯತ್ತ ತಿರುಗಿಸಿದಳು, ಮೂಗಿನ ಹತ್ತಿರ ತಂದಳು. ಕೊನೆಗೆ, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಬೆರಳಿಟ್ಟು ತೋರಿಸಿ ಎಂದಳು.

5.30ಕ್ಕೆ ಬಂಧನ. ಇನ್ಸ್‌ಪೆಕ್ಟರ್ ಹೇಳಿದ್ದನ್ನು ಕೇಳಿ ಜೀಪಿನಿಂದ ಇಳಿದ ತಮ್ಮ, ಮಹಿಳಾ ಕಾನ್‌ಸ್ಟೇಬಲ್ ಜೊತೆ ಬರುತ್ತಿದ್ದ ಅಕ್ಕನನ್ನು ಕಂಡು ಅಲ್ಲೇ ನಿಂತ.

"ಕಣ್ಣು ಕಾಣಲ್ಲ ಅಂತ ಒಂದ್ಮಾತು ಹೇಳಿದ್ರೆ ಬಣ್ಣದ ಕೆಲ್ಸಕ್ಕೆ ಬೇರೆಯವ್ರನ್ನ ಇಡ್ತಿದ್ನಲ್ಲಕ್ಕಾ."

"ಅದಕ್ಕೇ ಹೇಳ್ಲಿಲ್ಲ," ಎಂದು ಅವಳು ಜೀಪು ಹತ್ತಿದಳು.