ಮಿನಿಬಸ್ಸಿನ ಮಗು

ತುಪ್ಪದಲ್ಲಿ ಬೆಳ್ಳುಳ್ಳಿ ಹುರಿಯುವ ಘಮ ಬಂದರೆ ವಿಶಾಲಾಕ್ಷಿಗೆ ಮೈಸೂರಿನ ಮನೆಯ ಬಾಣಂತಿ ಕೋಣೆ ನೆನಪಾಗುತ್ತಿತ್ತು. ಚಿಕ್ಕಮ್ಮನ ತಟ್ಟೆಯಿಂದ ಅಜ್ಜಿ ಒಂದು ತುತ್ತನ್ನು ಗುಟ್ಟಾಗಿ ಅವಳ ಬಾಯಿಗೂ ಇಡುತ್ತಿದ್ದರು.

ಕೋಲ್ಕತ್ತದಲ್ಲಿ ಹಾಗೆ ತುತ್ತು ಇಡುವವರಿರಲಿಲ್ಲ. ವಿಶ್ವವಿದ್ಯಾಲಯದ ನರ್ಸಿಂಗ್ ಹುಡುಗಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸುವುದು ಅವಳ ಕೆಲಸ; ಬಾಡಿಗೆ ಮನೆಯಲ್ಲಿ ಒಬ್ಬಳೇ ವಾಸ. ಪಾಠಕ್ಕೆ ಇದ್ದದ್ದು ಹಸುಗೂಸಿನ ಗಾತ್ರದ ಒಂದೇ ಗೊಂಬೆ. ಸಂಜೆ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಹೆದರುವ ಹುಡುಗಿಯರ ಅಭ್ಯಾಸಕ್ಕೆಂದು ಹಾಸ್ಟೆಲ್ಲಿಗೆ ಒಯ್ಯುತ್ತಿದ್ದಳು.

ಒಂದು ದಿನ ಮಿನಿಬಸ್ಸು ಗಕ್ಕನೆ ನಿಂತಾಗ, “ಜಾರ್ಬೇಡ ಕಣೋ” ಎಂದಳು ಗೊಂಬೆಗೆ.

“ಕನ್ನಡದವರಾ? ಕೂತ್ಕೊಳ್ಳಿ, ಮಗು ಬೇರೆ ಇದೆ!” ಎದುರಿನವನು ಎದ್ದೇಬಿಟ್ಟ.

ರಾಜಗೋಪಾಲ. ಬೆಂಗಳೂರಿನವನು, ಅಮೆರಿಕದ ವೇಳೆಗೆ ತಕ್ಕಂತೆ ಸಂಜೆ ಅಲ್ಲಿನ ಸಾಲ್ಟ್ ಲೇಕ್ ಬಡಾವಣೆಯ ಸಾಫ್ಟ್‌ವೇರ್ ಕಂಪನಿಗೆ ಹೊರಡುವವನು. ನಕ್ಕರೆ ಒಂದೇ ಕಣ್ಣು ಚಿಕ್ಕದಾಗುತ್ತಿತ್ತು. ಅಂದಿನಿಂದ ಪ್ರತಿ ಸಂಜೆಯೂ ಸೀಟು ಬಿಟ್ಟುಕೊಟ್ಟು ವಿಚಾರಿಸುತ್ತಿದ್ದ.

“ಏನಂತಾರೆ ನಮ್ಮ ಸಾಹೇಬ್ರು?”

“ನಿದ್ದೆ.”

“ಆಫೀಸಲ್ಲಿ ನಾನೂ ಹೀಗೇ.”

ಇಡೀ ದಿನದಲ್ಲಿ ಅವಳನ್ನು ಕನ್ನಡದಲ್ಲಿ ಮಾತಾಡಿಸುವವನು ಅವನೊಬ್ಬನೇ. ನಿಜ ಹೇಳಿದರೆ ನಾಳೆಯಿಂದ ಆ ದನಿಯೂ ಇಲ್ಲವೆಂದು ಹೆದರಿ ಸುಮ್ಮನಿದ್ದಳು.

ಒಂದು ದಿನ ಬೆಳಿಗ್ಗೆ ವಿದ್ಯಾರ್ಥಿನಿ ಮಿತಾಲಿ ಹೆರಿಗೆ ಕೋಣೆಯಿಂದ ಅಳುತ್ತ ಓಡಿಬಂದಳು. ವಿಶಾಲಾಕ್ಷಿ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತು ಹಿಂದಿಯಲ್ಲಿ ಹೇಳಿದಳು: “ಕೈ ನಡುಗಲಿ ಬಿಡು, ಹಿಂದೆ ನಾನಿರ್ತೀನಿ. ಮಗು ಹೇಗಿದೆ ಅಂತ ಎಲ್ಲರೂ ಕೇಳ್ತಾರೆ. ನೀನು ತಾಯಿಗೆ ಊಟ ಆಯ್ತಾ ಅಂತ ಕೇಳು.”

ಸಂಜೆ ಅದೇ ಮಿತಾಲಿ ಬಸ್ಸು ಹತ್ತಿದಳು. “ಮಿಸ್, ಇವತ್ತು ಗೊಂಬೆ ನಾನೇ ಒಯ್ತೀನಿ. ಎಲ್ಲರಿಗೂ ನಾನೇ ಹೇಳಿಕೊಡ್ತೀನಿ. ನೀವು ಮನೆಗೆ ಹೋಗಿ.” ಟವೆಲ್ಲು ಬಿಡಿಸಿ, ಗೊಂಬೆಯ ಕಾಲು ಹಿಡಿದು ನೇತಾಡಿಸಿಕೊಂಡು ಹಾಸ್ಟೆಲ್ಲಿನ ಬಳಿ ಇಳಿದುಹೋದಳು.

ವಿಶಾಲಾಕ್ಷಿಗೆ ತಲೆಯೆತ್ತಲಾಗಲಿಲ್ಲ. “ನಾನು ಹೇಳ್ಬೇಕಿತ್ತು.”

“ಗೊಂಬೆ ಅಂತ ಗೊತ್ತಿತ್ತು,” ಎಂದ ರಾಜಗೋಪಾಲ ಮೆಲ್ಲಗೆ. “ಒಂದ್ಸಲ ಟವೆಲ್ ಸರಿದಿತ್ತು. ಮಗು ಕಳ್ಕೊಂಡಿದ್ದೀರಿ, ಅದಕ್ಕೇ ಎತ್ಕೊಂಡು ಓಡಾಡ್ತೀರಿ ಅಂದ್ಕೊಂಡೆ. ಕೇಳೋಕೆ ಧೈರ್ಯ ಬರ್ಲಿಲ್ಲ.”

ಅವಳ ಮುಖ ಬಿಸಿಯಾಯಿತು. ಇಷ್ಟು ದಿನದ ಅಕ್ಕರೆಯೆಲ್ಲ ಅವಳದಲ್ಲದ ದುಃಖಕ್ಕೆ ಸಂದಿತ್ತು.

“ಮಗು ಹೋಗಿಲ್ಲ. ಮದುವೇನೇ ಆಗಿಲ್ಲ. ಮನೇಲಿ ಯಾರೂ ಇಲ್ಲ, ಅಷ್ಟೇ. ನಾಳೆಯಿಂದ ಸೀಟು ಬಿಡ್ಬೇಡಿ.”

ಅವನು ಬ್ಯಾಗಿನಿಂದ ತನ್ನ ರಾತ್ರಿಯೂಟದ ಡಬ್ಬಿ ತೆಗೆದ. ಮುಚ್ಚಳದ ಸಂದಿಯಿಂದ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯ ಘಮ ಬಂತು.

“ನಿಮ್ಮ ಊಟ ಆಯ್ತಾ ಅಂತ ಒಂದಿನಾನೂ ಕೇಳ್ಲಿಲ್ಲ ನಾನು. ಡಬ್ಬಿ ನಾಳೆ ವಾಪಸ್ ಬೇಕು ಮತ್ತೆ.”

ಖಾಲಿಯಾಗಿದ್ದ ಅವಳ ಮಡಿಲಿಗೆ, ಮಗುವನ್ನು ಮಲಗಿಸುವಷ್ಟು ಜೋಪಾನವಾಗಿ, ಅದನ್ನು ಇಟ್ಟ.