ಗದ್ದಲ ಹುಡುಕಿ ಬಂದವನು

"ಸೋರೆನ್‌ಸನ್! ಏ ಸೋರೆನ್‌ಸನ್! ನಿಮ್ಮಮ್ಮ ಫೋನ್ ಮಾಡಿದ್ಲು ಕಣೋ!"

ಸಿಗ್ನೆ ಐಸ್ ಹಾಕಿ ಅಂಗಳದ ಗಾಜಿನ ಗೋಡೆಯ ಪಕ್ಕದ ಬೆಂಚಿನ ಮೇಲೆ ಹತ್ತಿ ನಿಂತು, ಕೈಯನ್ನೇ ಫೋನಿನಂತೆ ಕಿವಿಗೆ ಹಿಡಿದು ಕೂಗಿದಳು.

ಅವಳ ಹಿಂದಿದ್ದ ಎಂಟುನೂರು ವಿದ್ಯಾರ್ಥಿಗಳು ಒಂದೇ ಗಂಟಲಿನಲ್ಲಿ ಕೇಳಿದರು, "ಏನಂದ್ಲು?"

"ನನ್ನ ಮಗ ಗೋಲ್‌ಕೀಪರ್ ಅಲ್ಲ, ಜರಡಿ ಅಂದ್ಲು!"

"ಜರಡಿ! ಜರಡಿ! ಜರಡಿ!"

ಎಂಟುನೂರು ಜೊತೆ ಬೂಟುಗಳು ಹಲಗೆಯ ಮೇಲೆ ಕುಣಿದವು. ತಗಡಿನ ಸೂರು ಗಡಗಡ ನಡುಗಿತು.

ಸಿಗ್ನೆ ನಗುತ್ತಲೇ ತಿರುಗಿ ಮೇಲಿನ ಸಾಲುಗಳ ಕಡೆ ನೋಡಿದಳು. ಈಗ ಉತ್ತರ ಬರಬೇಕು! ಹೋದ ವರ್ಷ ಇದೇ ಕೂಗಿಗೆ ಅಲ್ಲೊಬ್ಬ ಗುಂಡಗಿನ ಹೆಂಗಸು ಎದ್ದು ನಿಂತಿದ್ದಳು. ಎದುರಾಳಿ ಐರನ್ ಫಾಲ್ಸ್ ತಂಡದ ನೀಲಿ ಕೋಟು ತೊಟ್ಟು, ರೆಡ್ ಹಾರ್ಬರ್ ವಿಶ್ವವಿದ್ಯಾಲಯದ ಹುಡುಗರ ನಟ್ಟನಡುವೆ ನಿಂತು, ಸೊಂಟಕ್ಕೆ ಕೈಯಿಟ್ಟು ತಿರುಗೇಟು ಕೊಟ್ಟಿದ್ದಳು. "ಹೌದು ಕಣ್ರೋ, ಮಾಡಿದ್ದೆ! ತಟ್ಟೆ ತೊಳೀದೆ ಓಡಿಬಂದಿದ್ದಾನೆ, ಮನೆಗೆ ಕಳಿಸ್ರೋ ಅವನನ್ನ!" ಇಡೀ ಕ್ರೀಡಾಂಗಣ ಬಿದ್ದು ಬಿದ್ದು ನಕ್ಕಿತ್ತು. ಅವಳೇ ಗೋಲ್‌ಕೀಪರ್ ಗ್ರೇಡಿಯ ತಾಯಿ, ಡೋರೀನ್.

ಈ ಸಲ ಯಾರೂ ಏಳಲಿಲ್ಲ.

ಸಿಗ್ನೆ ಸಾಲು ಸಾಲಾಗಿ ಹುಡುಕಿದಳು. ನೀಲಿ ಕೋಟು ಎಲ್ಲಿ...?

ಮತ್ತೆ ಮುಂದೆ ತಿರುಗಿದಳು. ಗಾಜಿನ ಆಚೆ, ನಾಲ್ಕೇ ಅಡಿ ದೂರದಲ್ಲಿ, ಗ್ರೇಡಿ ಸೋರೆನ್‌ಸನ್ ಮುಖವಾಡ ಮೇಲೆತ್ತಿ ಅವಳನ್ನೇ ನೋಡುತ್ತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು.

ಅದು ಬೆವರಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಶಿಳ್ಳೆ ಮೊಳಗಿತು. ಅವನು ಮುಖವಾಡ ಇಳಿಸಿದ. ಆಮೇಲಿನ ಇಪ್ಪತ್ತು ನಿಮಿಷಗಳಲ್ಲಿ ಐದು ಗೋಲುಗಳು ಅವನನ್ನು ದಾಟಿ ಹೋದವು.

ವಿರಾಮದಲ್ಲಿ ಬ್ಯಾಂಡಿನ ಡ್ರಮ್ ಬಾರಿಸುವ ಗೆಳತಿ ಟಿಲ್ಡಾ ಬಿಳಿಚಿಕೊಂಡ ಮುಖದಲ್ಲಿ ಬಂದಳು. ಕೈಯಲ್ಲಿ ಮೊಬೈಲ್ ಇತ್ತು.

"ಸಿಗ್ನೆ... ಅವನ ಅಮ್ಮ ತೀರಿಕೊಂಡ್ರಂತೆ ಕಣೇ. ಹನ್ನೊಂದು ದಿನ ಆಯ್ತಂತೆ."

ಸಿಗ್ನೆ ಬೆಂಚಿನಿಂದ ಕೆಳಗಿಳಿದಳು. 'ನಾನೇನು ಮಾಡಿಬಿಟ್ಟೆ? ಅಯ್ಯೋ ದೇವರೇ... ಎಂಟುನೂರು ಜನರ ಕೈಲಿ ಏನು ಹೇಳಿಸಿಬಿಟ್ಟೆ!'

ಆಟ ಮುಗಿದ ಕೂಡಲೇ ಅವಳು ಕೋಟನ್ನೂ ಹಾಕಿಕೊಳ್ಳದೆ ಹಿಮದಲ್ಲಿ ಓಡಿದಳು. ಐರನ್ ಫಾಲ್ಸ್‌ನ ಬಸ್ಸು ಆಗಲೇ ಹೊರಟಿತ್ತು. ಕಿಟಕಿಯಲ್ಲಿ ಅವನ ಮುಖ ಕಂಡಿತು. ಅವನೂ ನೋಡಿದ. 'ಕ್ಷಮಿಸು' ಎನ್ನಲು ಬಾಯಿ ತೆರೆದಳು. ಕ್ರೀಡಾಂಗಣವನ್ನೇ ನಡುಗಿಸುವ ಆ ಗಂಟಲಿನಿಂದ ಒಂದಕ್ಷರವೂ ಹೊರಡಲಿಲ್ಲ...

* * *

ಅಕ್ಟೋಬರಿನಲ್ಲಿ ಆಟದ ಹೊಸ ಋತು ಶುರುವಾದಾಗ ರೆಡ್ ಹಾರ್ಬರ್‌ನ ಕೆಂಪು ಜೆರ್ಸಿ ತೊಟ್ಟು ಮಂಜುಗಡ್ಡೆಗಿಳಿದವನ ಗುರುತು ಸಿಗ್ನೆಗೆ ಕೂಡಲೇ ಹತ್ತಿತು.

ಗ್ರೇಡಿ! ತನ್ನ ವಿಶ್ವವಿದ್ಯಾಲಯ ಬಿಟ್ಟು ಇಲ್ಲಿಗೇ ಬಂದಿದ್ದ.

'ಯಾಕೆ ಬಂದ? ದಿನಾ ನನ್ನ ಮುಖ ನೋಡೋದಕ್ಕಾ? ನನ್ನನ್ನ ಸುಡೋದಕ್ಕಾ?'

ಅವಳು ಕೂಗು ಹಾಕಿಸುವ ಕೆಲಸವನ್ನು ಅವತ್ತೇ ಬಿಟ್ಟುಬಿಟ್ಟಳು. ಮುಂದಿನ ಸಾಲಿನ ಜಾಗ ಬಿಟ್ಟು ಹಿಂದಿನ ಬಾಗಿಲ ಪಕ್ಕಕ್ಕೆ ಹೋದಳು. ಬರದೇ ಇರಲಂತೂ ಆಗಲಿಲ್ಲ. ಪಕ್ ಎನ್ನುವ ಆ ರಬ್ಬರ್ ಬಿಲ್ಲೆಯನ್ನು ಅವನು ತಡೆದಾಗಲೆಲ್ಲ ಅವಳ ಹೃದಯ ಹಾರುತ್ತಿತ್ತು, ಬಾಯಿ ಮಾತ್ರ ಹೊಲಿದಂತಿರುತ್ತಿತ್ತು.

ಅವಳಿಲ್ಲದೆ ವಿದ್ಯಾರ್ಥಿಗಳ ಸಾಲುಗಳು ತಣ್ಣಗಾದವು. ಕೂಗು ಎಲ್ಲಿ ಎತ್ತಬೇಕು, ಎಲ್ಲಿ ಉಸಿರು ಬಿಗಿಹಿಡಿದು ನಿಲ್ಲಿಸಬೇಕು ಎನ್ನುವುದು ಬೇರೆ ಯಾರಿಗೂ ಒಲಿಯಲಿಲ್ಲ. ಮಧ್ಯಾಹ್ನದಿಂದಲೇ ಹಿಮದಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವರು ಈಗ ಆಟ ಶುರುವಾದ ಮೇಲೆ ಬರತೊಡಗಿದರು.

ನವೆಂಬರಿನ ಒಂದು ದಿನ ಗ್ರಂಥಾಲಯದ ಮೆಟ್ಟಿಲಲ್ಲಿ ಅವನು ಎದುರಾದ.

"ನೀನು ಸಿಗ್ನೆ ಅಲ್ವಾ?"

ಅವಳು ತಲೆಯಾಡಿಸಿದಳು.

"ಈಗ ಯಾಕೆ ಕೂಗಲ್ಲ ನೀನು?"

ಅಷ್ಟೇ! ಅವಳ ಕಣ್ಣು ತುಂಬಿ ಬಂತು. ಚುಚ್ಚುತ್ತಿದ್ದಾನೆ... ಚುಚ್ಚಲಿ, ಆ ಹಕ್ಕು ಅವನಿಗಿದೆ.

"ಇನ್ಯಾವತ್ತೂ ಕೂಗಲ್ಲ. ನಿನ್ನ ಕಣ್ಣಿಗೂ ಬೀಳಲ್ಲ," ಎಂದವಳೇ ಪುಸ್ತಕ ಎದೆಗವಚಿಕೊಂಡು ಓಡಿಬಿಟ್ಟಳು.

ಅವನು ಮೆಟ್ಟಿಲ ಮೇಲೆ ನಿಂತೇ ಇದ್ದ. 'ನನ್ನ ಮುಖ ಕಂಡರೇ ಇವಳಿಗೆ ಆಗಲ್ಲ. ಎದುರಾಳಿ ಊರಿನವನು ತಮ್ಮ ಗೋಲಿನಲ್ಲಿ ನಿಂತಿರೋದು ಇವಳಿಗೆ ಇಷ್ಟವಿಲ್ಲ...'

ಆಮೇಲೆ ಅವನ ಆಟವೂ ಕೆಟ್ಟಿತು. ಜನವರಿಗೆ ಕೋಚ್ ಅವನನ್ನು ಹೊರಗೆ ಕೂರಿಸಿದರು.

* * *

ಮಾರ್ಚ್ ತಿಂಗಳ ಶನಿವಾರ. ಐರನ್ ಫಾಲ್ಸ್ ಜೊತೆ ಕೊನೆಯ, ನಿರ್ಣಾಯಕ ಪಂದ್ಯ. ಸೋತವರ ಋತು ಅಲ್ಲಿಗೇ ಮುಗಿಯುತ್ತದೆ. ಹಿಂದಿನ ದಿನವೇ ರೆಡ್ ಹಾರ್ಬರ್‌ನ ಗೋಲ್‌ಕೀಪರ್ ಮೊಣಕಾಲು ತಿರುಚಿಕೊಂಡಿದ್ದ. ಗ್ರೇಡಿಯ ಹೊರತು ಬೇರೆ ದಾರಿಯೇ ಇರಲಿಲ್ಲ.

ಬೆಳಿಗ್ಗೆ ಸಿಗ್ನೆ ಪ್ಯಾಸ್ಟಿ ಎನ್ನುವ ಮಾಂಸದ ಕಡುಬಿನ ಅಂಗಡಿಯಲ್ಲಿ ನಿಂತಿದ್ದಾಗ ಓಲಿ ಸಿಕ್ಕರು. ಮೂವತ್ತು ವರ್ಷದಿಂದ ಕ್ರೀಡಾಂಗಣದ ಮಂಜುಗಡ್ಡೆ ನಯಮಾಡುವ ಯಂತ್ರ ಓಡಿಸುವ ಮುದುಕ.

"ಆ ಹುಡುಗ ಇವತ್ತಿಗೆ ಕೊನೆ ಅಂತಿದ್ದಾನೆ ಮಗೂ."

"ಯಾರು?"

"ಇನ್ಯಾರು, ಗ್ರೇಡಿ. ಆಟಾನೇ ಬಿಡ್ತಾನಂತೆ. ದಿನಾ ಬೆಳಿಗ್ಗೆ ಬಂದು ಖಾಲಿ ಸೀಟುಗಳ ಮಧ್ಯೆ ಕೂತಿರ್ತಾನೆ. ನಿನ್ನೆ ಕೇಳಿದೆ, ಏನೋ ಮಾರಾಯ ನಿನ್ನ ಕಷ್ಟ ಅಂತ. ಏನಂದ ಗೊತ್ತಾ? ನಾನಿಲ್ಲಿಗೆ ಬಂದಿದ್ದೇ ಗದ್ದಲಕ್ಕೋಸ್ಕರ ಓಲಿ, ನಾನು ಬಂದೆ, ಗದ್ದಲಾನೇ ಸತ್ತುಹೋಯ್ತು, ಅಂದ."

ಸಿಗ್ನೆಯ ಕೈಯಲ್ಲಿದ್ದ ಪೊಟ್ಟಣ ನಜ್ಜುಗುಜ್ಜಾಯಿತು.

'ಗದ್ದಲಕ್ಕೋಸ್ಕರ? ನನ್ನ ಆ ಗದ್ದಲಕ್ಕಾ? ಅದ್ಹೇಗೆ ಸಾಧ್ಯ?'

"ಅವನ ಹತ್ರ ಮಾತಾಡ್ಬೇಕು ಓಲಿ! ಈಗ್ಲೇ! ಒಳಗೆ ಬಿಡ್ತೀರಾ?"

"ಪಂದ್ಯದ ದಿನ ಕೋಚ್ ಯಾರನ್ನೂ ಬಿಡಲ್ಲ ಕಣಮ್ಮ. ನನ್ನನ್ನೇ ಬೈತಾರೆ."

ಆದರೂ ಹೋದಳು. ಬಾಗಿಲು ಬಡಿದಳು, ಕಾವಲಿನವನನ್ನು ಬೇಡಿಕೊಂಡಳು. ಆಟಗಾರರು ಬರುವ ದಾರಿಯಲ್ಲಿ ಎರಡು ಗಂಟೆ ಚಳಿಯಲ್ಲಿ ಕಾದಳು. ಅವನು ಇನ್ನೊಂದು ಬಾಗಿಲಿನಿಂದ ಒಳಗೆ ಹೋಗಿಯಾಗಿತ್ತು.

* * *

ಮೂರು ಅವಧಿಗಳ ಆಟದಲ್ಲಿ ಮೊದಲನೆಯದು ಮುಗಿದಾಗ ಐರನ್ ಫಾಲ್ಸ್ ಮುಂದಿತ್ತು, ಮೂರು–ಸೊನ್ನೆ. ಮೂರನ್ನೂ ಗ್ರೇಡಿಯೇ ಬಿಟ್ಟುಕೊಟ್ಟಿದ್ದ.

ಎರಡನೇ ಅವಧಿಗೆ ತಂಡಗಳು ಬದಿ ಬದಲಿಸಿದವು. ಈಗ ಅವನು ವಿದ್ಯಾರ್ಥಿಗಳ ಮುಂದೆಯೇ ನಿಲ್ಲಬೇಕು. ತಲೆ ತಗ್ಗಿಸಿಕೊಂಡು ಜಾರುತ್ತಾ ಬಂದ.

ಆಗ ಮೇಲಿನ ಸಾಲಿನಿಂದ ಯಾರೋ ಅಂದರು.

"ಜರಡಿ!"

ಇನ್ನೊಬ್ಬ ಸೇರಿದ. ಇನ್ನೂ ಹತ್ತು ಜನ ಸೇರಿದರು.

"ಜರಡಿ! ಜರಡಿ!"

ತಮ್ಮದೇ ಗೋಲ್‌ಕೀಪರ್‌ಗೆ! ಆ ಕ್ರೀಡಾಂಗಣದಲ್ಲಿ ಇಷ್ಟು ವರ್ಷಗಳಲ್ಲಿ ಎಂದೂ ಆಗದ ಕೆಲಸ. ಗ್ರೇಡಿ ತಿರುಗಿ ನೋಡಲಿಲ್ಲ. ಅವನ ಹೆಗಲು ಮಾತ್ರ ಕುಸಿಯಿತು.

ಸಿಗ್ನೆ ಜನರನ್ನು ತಳ್ಳಿಕೊಂಡು, ಯಾರದೋ ಪಾಪ್‌ಕಾರ್ನ್ ಚೆಲ್ಲಿ, ಯಾರದೋ ಕಾಲು ತುಳಿದು ಆ ಸಾಲಿಗೆ ನುಗ್ಗಿದಳು. ಎದೆಗೆ ಕೆಂಪು ಬಣ್ಣ ಬಳಿದುಕೊಂಡಿದ್ದ ಧಡಿಯನ ಎದುರು ಹೋಗಿ ನಿಂತಳು.

"ಮುಚ್ಚೋ ಬಾಯಿ!"

"ನಿಂದೇನೇ? ಮೂರು ಗೋಲು ಬಿಟ್ಟಿದ್ದಾನೆ!"

"ಮೂವತ್ತು ಬಿಡ್ಲಿ! ಅವನು ಹಾಕಿರೋ ಅಂಗಿ ಯಾವ್ದೋ? ನಿನ್ನ ಎದೆ ಮೇಲೆ ಬಳ್ಕೊಂಡಿದ್ದೀಯಲ್ಲ, ಅದೇ ಬಣ್ಣ! ಗೆದ್ದಾಗ ಮಾತ್ರ ನಮ್ಮವನಾ?"

ಅವನು ತಬ್ಬಿಬ್ಬಾದ. ಸುತ್ತಲಿನ ಕೂಗು ನಿಂತಿತು. ಗ್ರೇಡಿಯ ಪರವಾಗಿ ಮಾತ್ರ ಯಾರೂ ಕೂಗಲಿಲ್ಲ.

ಸಿಗ್ನೆ ಕೆಳಗೆ ಓಡಿದಳು, ಮುಂದಿನ ಬೆಂಚು ಹತ್ತಿದಳು. ಐದು ತಿಂಗಳಿಂದ ಮುಚ್ಚಿದ್ದ ಗಂಟಲು. ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

"ಗ್ರೇಡಿ!"

ದನಿ ಒಡೆಯಿತು. ಯಾರೂ ಸೇರಲಿಲ್ಲ.

ಬೂಟಿನಿಂದ ಹಲಗೆಗೆ ಒದ್ದಳು. ಒಂದು. ಎರಡು. ಮೂರು.

"ಗ್ರೇಡಿ!"

ಒಬ್ಬಳೇ. ನಾಲ್ಕು ಸಾವಿರ ಜನರ ನಡುವೆ ಒಬ್ಬಳೇ! ಯಾರೋ ಕಿಸಕ್ಕೆಂದು ನಕ್ಕರು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. 'ದಯವಿಟ್ಟು... ಯಾರಾದರೂ ಒಬ್ಬರು...'

ಧಮ್!

ಟಿಲ್ಡಾ ಡ್ರಮ್ಮಿಗೆ ಒಂದೇಟು ಹಾಕಿದ್ದಳು. ಸಿಗ್ನೆಯ ಕಾಲು ಬಿದ್ದಾಗಲೆಲ್ಲ ಅವಳ ಕೋಲೂ ಬಿತ್ತು. ಕೊಂಬು ಊದುವವರು ಎದ್ದರು. ಮೇಲಿನ ಸಾಲಿನ ಧಡಿಯ ಮುಖ ಒರೆಸಿಕೊಂಡು, "ಗ್ರೇಡಿ!" ಎಂದು ಘರ್ಜಿಸಿದ. ಸದ್ದು ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು. ಇಡೀ ಋತು ಬೆಚ್ಚಗೆ ಕೂತಿದ್ದ ಊರಿನ ಹಿರಿಯರು ಕೂಡ ಕಂಬಳಿ ಕೆಳಗೆ ಹಾಕಿ ಎದ್ದು ನಿಂತರು.

ಗ್ರೇಡಿ ತಿರುಗಿದ. ಗಾಜಿನೊಳಗಿಂದ ಅವಳನ್ನು ನೋಡಿದ. ಕೋಲಿನಿಂದ ಗೋಲಿನ ಎರಡೂ ಕಂಬಗಳಿಗೆ ಒಮ್ಮೊಮ್ಮೆ ತಟ್ಟಿ, ಮಂಡಿ ಬಾಗಿಸಿ ನಿಂತ.

ಆಮೇಲೆ ಎರಡು ಅವಧಿ ಒಂದೇ ಒಂದು ಪಕ್ ಕೂಡ ಅವನನ್ನು ದಾಟಲಿಲ್ಲ. ರೆಡ್ ಹಾರ್ಬರ್ ಒಂದು ಹೊಡೆಯಿತು. ಇನ್ನೊಂದು ಹೊಡೆಯಿತು. ಕೊನೆಗೆ ನಲವತ್ತು ಸೆಕೆಂಡು ಉಳಿದಿರುವಾಗ ಮೂರು–ಮೂರು! ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಾಗಲಿಲ್ಲ.

ಮೊದಲ ಗೋಲು ಹೊಡೆದವರೇ ಗೆಲ್ಲುವ ಹೆಚ್ಚುವರಿ ಅವಧಿಯಲ್ಲಿ ಅವನು ಮತ್ತೆ ಅವಳ ಮುಂದೆಯೇ ನಿಂತ. ಹದಿನೇಳು ಹೊಡೆತ ತಡೆದ. ಅವಳು ಗಂಟಲು ಹರಿಯುವಂತೆ ಕೂಗಿದಳು, ದನಿ ಪೂರ್ತಿ ಹೋದಮೇಲೆ ಗಾಜು ಬಡಿದಳು.

ಎರಡನೇ ಹೆಚ್ಚುವರಿ ಅವಧಿ. ಅವನೀಗ ದೂರದ ತುದಿಯಲ್ಲಿದ್ದ. ಯಾರದೋ ಸ್ಕೇಟಿಗೆ ಬಡಿದು ದಿಕ್ಕು ಬದಲಿಸಿದ ಪಕ್ ಅವನ ಕೈಗವಸಿನ ಕೆಳಗೆ ತೂರಿ ಬಲೆಯೊಳಗೆ ಬಿತ್ತು.

ಮುಗಿಯಿತು.

ಐರನ್ ಫಾಲ್ಸ್ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಗ್ರೇಡಿ ಮಂಜುಗಡ್ಡೆಯ ಮೇಲೆ ಬೋರಲು ಬಿದ್ದಿದ್ದ, ಏಳಲೇ ಇಲ್ಲ.

ಒಬ್ಬರೂ ಬಾಗಿಲ ಕಡೆ ಹೋಗಲಿಲ್ಲ. ನಾಲ್ಕು ಸಾವಿರ ಜನ ನಿಂತಲ್ಲೇ ನಿಂತು ಚಪ್ಪಾಳೆ ತಟ್ಟತೊಡಗಿದರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಸೋತ ತಂಡಕ್ಕೆ!

* * *

ಕೈಕುಲುಕುವ ಸಾಲು ಮುಗಿದಮೇಲೆ ಅವನು ಮುಖವಾಡ ಕೈಯಲ್ಲಿ ಹಿಡಿದು, ಅಷ್ಟುದ್ದದ ಅಂಗಳ ದಾಟಿ ಅವಳ ಕಡೆ ಜಾರಿ ಬಂದ. ಏನೋ ಹೇಳಿದ. ಗಾಜಿನಾಚೆಗೆ ಕೇಳಿಸಲಿಲ್ಲ. ಓಲಿ ಮುದುಕ ಯಂತ್ರ ಬರುವ ಪಕ್ಕದ ಬಾಗಿಲು ತೆರೆದು, "ಬೇಗ ಮಾತಾಡ್ಕೊಳ್ರಪ್ಪಾ, ನಂಗೆ ಕೆಲಸ ಇದೆ," ಎಂದು ಬೆನ್ನು ತಿರುಗಿಸಿ ನಿಂತರು.

ಇಬ್ಬರೂ ಎದುರುಬದುರಾದರು. ಸಿಗ್ನೆಯಿಂದ ಹೊರಟಿದ್ದು ಬರೀ ಗೊಗ್ಗರು ಪಿಸುಮಾತು.

"ಕ್ಷಮಿಸು... ನಂಗೆ ಗೊತ್ತಿರ್ಲಿಲ್ಲ. ನಿಮ್ಮಮ್ಮ ಹೋಗಿದ್ದು... ಸತ್ಯವಾಗ್ಲೂ ಗೊತ್ತಿರ್ಲಿಲ್ಲ. ನನ್ನ ದನಿ ಕೇಳಿದ್ರೆ ನಿಂಗೆ ಅದೇ ನೆನಪಾಗುತ್ತೆ ಅಂತ ಬಾಯಿ ಮುಚ್ಕೊಂಡೆ."

ಅವನು ದಂಗಾಗಿ ನೋಡಿದ.

"ಅದಕ್ಕಾ? ನೀನು ಸುಮ್ಮನಾಗಿದ್ದು ಅದಕ್ಕಾ? ನನ್ನ ಕಂಡ್ರೆ ಆಗಲ್ಲ ನಿಂಗೆ ಅಂದ್ಕೊಂಡಿದ್ದೆ ಕಣೇ!"

"ಹುಚ್ಚಾ ನಿಂಗೆ?"

"ಕೇಳು." ಅವನು ಮೇಲಿನ ಸಾಲುಗಳ ಕಡೆ ಕಣ್ಣು ಹಾಯಿಸಿದ. "ಅಮ್ಮ ಹೋದಮೇಲೆ ಎಲ್ಲರೂ ನನ್ನ ಹತ್ರ ಮೆಲ್ಲಗೆ ಮಾತಾಡ್ತಿದ್ರು. ಮನೇಲಿ, ತರಗತೀಲಿ, ಬಸ್ಸಲ್ಲಿ. ಅವಳ ಹೆಸರು ಎತ್ತೋಕೂ ಹೆದರ್ತಿದ್ರು. ಅವಳು ಸತ್ತಿದ್ದು ಗೊತ್ತಿಲ್ಲದೇ ಇದ್ದ ಜಾಗ ಇದೊಂದೇ. ಅವತ್ತು ಕೂಗಿದಮೇಲೆ ನೀನು ತಿರುಗಿ ಮೇಲೆ ನೋಡ್ದೆಯಲ್ಲ... ಅವಳನ್ನೇ ಹುಡುಕ್ತಿದ್ದೆ ಅಲ್ವಾ?"

"ಹೂಂ... ಉತ್ತರ ಕೊಡ್ತಾರೆ ಅಂತ ಕಾಯ್ತಿದ್ದೆ."

"ನಾನೂ ತಿರುಗಿ ನೋಡ್ದೆ. ಒಂದು ಕ್ಷಣ ಅವಳು ಅಲ್ಲೇ ಎಲ್ಲೋ ಇದ್ದಾಳೆ ಅನ್ನಿಸ್ತು. ಅದಕ್ಕೇ ಬಂದೆ ಸಿಗ್ನೆ. ನನ್ನಮ್ಮನಿಗಾಗಿ ಕಾಯೋ ಜನ ಇಲ್ಲಿದ್ದಾರೆ ಅಂತ. ನೀನಿದ್ದೀಯ ಅಂತ..."

ಸಿಗ್ನೆ ಬಿಕ್ಕಿ ಬಿಕ್ಕಿ ಅತ್ತಳು. ಅವನ ಒದ್ದೆ ಜೆರ್ಸಿಗೆ ಹಣೆಯಿಟ್ಟಳು. ಆ ದಪ್ಪ ಕವಚದೊಳಗಿಂದಲೂ ಅವನ ಎದೆಬಡಿತ ಕೇಳಿಸುತ್ತಿತ್ತು.

"ಐದು ತಿಂಗಳು ಗ್ರೇಡಿ... ಪೂರ್ತಿ ಐದು ತಿಂಗಳು ಬಾಗಿಲ ಪಕ್ಕ ನಿಂತು ನಿನ್ನೊಬ್ಬನನ್ನೇ ನೋಡ್ತಿದ್ದೆ. ನಿನ್ನ ಕಂಡ್ರೆ ನಂಗೆ ಪ್ರಾಣ ಕಣೋ."

"ಏನಂದೆ? ನಿನ್ನ ಗಂಟಲು ಕಟ್ಟಿದೆ, ಸರಿಯಾಗಿ ಕೇಳಿಸ್ಲಿಲ್ಲ."

"ಸುಳ್ಳ! ಕೇಳಿಸ್ತು ನಿಂಗೆ."

"ಇನ್ನೊಂದ್ಸಲ ಹೇಳು."

ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ತಲೆ ಕೆರೆದುಕೊಂಡು, ಸಣ್ಣ ದನಿಯಲ್ಲಿ ಅಂದ.

"ಒಂದು ತೊಂದರೆ ಇದೆ. ಊರಿಗೆ ಹೊರಟುಬಿಡೋಣ ಅಂತ ಸಾಮಾನೆಲ್ಲ ಕಾರಿಗೆ ತುಂಬಿಟ್ಟಿದ್ದೀನಿ."

"ಇಳಿಸೋಣ ಬಾ."

"ನನ್ನ ರೂಮು ಮೂರನೇ ಮಹಡೀಲಿ. ಲಿಫ್ಟ್ ಇಲ್ಲ. ಪುಸ್ತಕಾನೇ ಆರು ಪೆಟ್ಟಿಗೆ ಇದೆ."

ಸಿಗ್ನೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಅವನ ಕೈಯಿಂದ ಆ ಭಾರದ ಮುಖವಾಡ ತೆಗೆದುಕೊಂಡಳು.

"ಇರ್ಲಿ. ನೀನು ಮೊದ್ಲು ಸ್ನಾನ ಮಾಡ್ಕೊಂಡು ಬಾ... ಕಾಯ್ತೀನಿ."